ಮೈಗೆ ಅಂಟಿಸುವ ಸೆನ್ಸರ್, ಪ್ಯಾಚ್, ಪ್ಲಾಸ್ಟರ್: ಚರ್ಮಕ್ಕೆ ಯಾವ ಅಂಟು ಒಗ್ಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನಲ್ಲಿ ನರ್ಸ್. ಮೊದಲೆಲ್ಲ ಜನ ಶುಗರ್ ಎಷ್ಟಿರಬೇಕು ಅಂತ ಕೇಳುತ್ತಿದ್ದರು. ಈಗ ರಟ್ಟೆಗೆ ಶುಗರ್ ಅಳೆಯುವ ಸೆನ್ಸರ್ ಹಚ್ಚಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಹಾಗಾಗಿ ಹಚ್ಚಿದ ಜಾಗ ಯಾಕೆ ಕೆರೆಯುತ್ತದೆ, ಯಾಕೆ ಕಿತ್ತು ಬರುತ್ತದೆ ಅಂತ ಕೇಳುತ್ತಾರೆ. ವಾರ್ಡಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಫೋನಿನ ಮೆಸೇಜಿನಲ್ಲಿ ಬಂದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಚರ್ಮದ ಮೇಲೆ ಬೊಬ್ಬೆ, ಕೀವು, ಜೊತೆಗೆ ಜ್ವರ ಇದ್ದರೆ ಮಾತ್ರ ಇದನ್ನು ಓದುತ್ತಾ ಕೂರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

## ಶುರುವಿನ ಪ್ರಶ್ನೆಗಳು

ಸೆನ್ಸರ್ ಹಿಂದ ಇರೋ ಅಂಟು ಅಂದ್ರ ಏನ್ರೀ? ಗೋಂದಿನ ತರಹದ್ದಾ?

ಅಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಹಸಿ ಇದ್ದಾಗ ಹಚ್ಚಬೇಕು. ಒಣಗಿ ಗಟ್ಟಿಯಾದ ಮೇಲೆ ಅದು ಹಿಡಿಯುತ್ತದೆ. ಮೈಗೆ ಹಚ್ಚುವ ಪ್ಯಾಚಿನ ಅಂಟು ಒಣಗುವುದೇ ಇಲ್ಲ. ಯಾವಾಗಲೂ ಮೆತ್ತಗೇ ಇರುತ್ತದೆ. ಒತ್ತಿದಾಗ ನಿಧಾನವಾಗಿ ಹರಿದು ಚರ್ಮದ ಸಣ್ಣ ಸಣ್ಣ ಗೆರೆ, ತಗ್ಗುಗಳಲ್ಲಿ ಕೂರುತ್ತದೆ. ಅದಕ್ಕೇ ಹಚ್ಚಿದ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಒತ್ತಿ ಹಿಡಿಯಿರಿ ಅನ್ನುವುದು. ಕೈಯ ಬಿಸಿಗೆ ಅಂಟು ಇನ್ನಷ್ಟು ಮೆತ್ತಗಾಗುತ್ತದೆ. ಎಷ್ಟೋ ಜನ ಬೆರಳಿನಿಂದ ತಟ್ಟಿ ಬಿಟ್ಟುಬಿಡುತ್ತಾರೆ. ಸಂಜೆಗೆ ಅಂಚು ಎದ್ದಿರುತ್ತದೆ.

ಎಷ್ಟು ತರಹದ ಅಂಟು ಇರ್ತಾವ? ನನಗ ಯಾವುದು ಸರಿ?

ಎಲ್ಲಕ್ಕಿಂತ ಜಾಸ್ತಿ ಬಳಕೆಯಲ್ಲಿರುವುದು ಅಕ್ರಿಲಿಕ್. ಶುಗರ್ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಹಚ್ಚಿದ ಕೂಡಲೇ ಇದರ ಹಿಡಿತ ಅಷ್ಟೇನಿರುವುದಿಲ್ಲ. ಗಂಟೆಗಳು ಕಳೆದಂತೆ ಬಿಗಿಯಾಗುತ್ತದೆ. 10–14 ದಿನ ನಿಲ್ಲಬೇಕು ಅಂದರೆ ಇದು ಬೇಕು. ಆದರೆ ತೆಗೆಯುವಾಗ ಚರ್ಮದ ಮೇಲಿನ ಪದರವನ್ನೂ ಸ್ವಲ್ಪ ಎಳೆದುಕೊಂಡು ಬರುತ್ತದೆ.

ಸಿಲಿಕೋನ್ ಬಹಳ ಮೃದು. ಮುಟ್ಟಿದ ಕೂಡಲೇ ಕೂರುತ್ತದೆ. ಎಷ್ಟು ಹೊತ್ತು ಬಿಟ್ಟರೂ ಹಿಡಿತ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಎತ್ತಿ ಮತ್ತೆ ಹಚ್ಚಬಹುದು, ಕೂದಲನ್ನು ಕಿತ್ತು ತರುವುದಿಲ್ಲ. ವಯಸ್ಸಾದವರಿಗೆ, ಕೂಸುಗಳಿಗೆ, ಪದೇ ಪದೇ ಟೇಪ್ ಬದಲಿಸುವ ಜಾಗಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಬೆಲೆ ಜಾಸ್ತಿ. ಭಾರದ ಸಾಧನವನ್ನು ವಾರಗಟ್ಟಲೆ ಹೊರುವ ಶಕ್ತಿ ಇದಕ್ಕಿಲ್ಲ.

ಹೈಡ್ರೋಕೊಲಾಯ್ಡ್ ದಪ್ಪ, ಸ್ವಲ್ಪ ರಬ್ಬರಿನಂತೆ. ಒಳಗೆ ಪೆಕ್ಟಿನ್, ಜೆಲಾಟಿನ್ ಮುಂತಾದವು ಇರುತ್ತವೆ. ತೇವ ಹೀರಿಕೊಂಡು ಉಬ್ಬುತ್ತದೆ. ಸ್ಟೋಮಾ ಬ್ಯಾಗಿನ (ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ಬಿಟ್ಟ ದ್ವಾರಕ್ಕೆ ಹಚ್ಚುವ ಮಲ, ಮೂತ್ರದ ಚೀಲ) ಬಿಲ್ಲೆ ಇದರದ್ದೇ. ಕೆಳಗಿನ ಚರ್ಮವನ್ನು ಚೆನ್ನಾಗಿ ಕಾಪಾಡುತ್ತದೆ. ಆದರೆ ಬೆವರು ಮಿತಿ ಮೀರಿದರೆ ಲೋಳೆಯಾಗಿ ಜಾರುತ್ತದೆ.

ಹೈಡ್ರೋಜೆಲ್ ಇಸಿಜಿ ಬಿಲ್ಲೆಗಳಲ್ಲಿ ಇರುವ ತಣ್ಣನೆಯ ಜೆಲ್. ಕರೆಂಟ್ ಹರಿಯಲು ನೀರಿನಂಶ ಬೇಕು, ಅದಕ್ಕೇ ಅದು. ಪೊಟ್ಟಣ ತೆರೆದಿಟ್ಟರೆ ಒಣಗಿ ಕೆಲಸಕ್ಕೆ ಬರುವುದಿಲ್ಲ.

ಇನ್ನು ನಮ್ಮ ಹಳೇ ಬಿಳಿ ಪ್ಲಾಸ್ಟರ್, ಝಿಂಕ್ ಆಕ್ಸೈಡ್ ಪಟ್ಟಿ. ಅದರ ಅಂಟಿನಲ್ಲಿ ಬಹುಮಟ್ಟಿಗೆ ರಬ್ಬರ್, ಮರದ ರಾಳ ಇರುತ್ತವೆ. ಎರಡೂ ಅಲರ್ಜಿಗೆ ಹೆಸರಾದವು. ಗಟ್ಟಿ ಹಿಡಿಯುತ್ತದೆ, ಅಷ್ಟೇ ಕೆಟ್ಟದಾಗಿ ಬಿಡುತ್ತದೆ. ಸೆನ್ಸರ್ ಮೇಲೆ ಇದನ್ನು ಸುತ್ತಬೇಡಿ.

ಜೋರಾಗಿ ಅಂಟೋದೇ ಛಲೋ ಅಲ್ವಾ? ಸೆನ್ಸರ್ ಬಿದ್ರ ಅಷ್ಟು ರೊಕ್ಕ ಹಾಳು.

ರೊಕ್ಕದ ಚಿಂತೆ ನನಗೂ ಗೊತ್ತು. ಆದರೂ ಒಂದು ಘಟನೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾನ್ವಿ ಕಡೆಯ ಒಬ್ಬ ಅಜ್ಜಿಗೆ ಸಲೈನ್ ಸೂಜಿ ತೆಗೆಯಬೇಕಿತ್ತು. ಮುಂಗೈ ಮೇಲೆ ಬಿಳಿ ಪ್ಲಾಸ್ಟರ್ ಮೂರು ಸುತ್ತು. ವಾರ್ಡಿನಲ್ಲಿ ಗದ್ದಲ, ನನಗೆ ಅವಸರ. ಒಂದೇ ಎಳೆತಕ್ಕೆ ತೆಗೆದೆ. ಪ್ಲಾಸ್ಟರಿನ ಜೊತೆ ಚರ್ಮವೂ ಬಂತು, ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಎರಡು ಬೆರಳಿನ ಅಗಲ. ಅಜ್ಜಿ ಕೂಗಲಿಲ್ಲ. 'ಇರ್ಲಿ ಬಿಡವ್ವ' ಅಂದಳು. ಸೂಜಿಯ ತೂತು ಎರಡು ದಿನಕ್ಕೆ ಮಾಯ್ದಿತು. ಆ ಗಾಯ ಮಾಯಲು ಮೂರು ವಾರ ಬೇಕಾಯಿತು.

ಅಂಟು ಹಿಡಿದಿರುವಷ್ಟು ಹೊತ್ತು ಅಂಥ ತೊಂದರೆ ಇರುವುದಿಲ್ಲ. ತೊಂದರೆ ಶುರುವಾಗುವುದು ಬಿಡಿಸುವಾಗ. ಅಂಗಡಿಯಲ್ಲಿ 'ಇದು ಎಷ್ಟು ದಿನ ನಿಲ್ಲುತ್ತದೆ' ಅಂತ ಎಲ್ಲರೂ ಕೇಳುತ್ತಾರೆ. 'ಇದು ಹೇಗೆ ಬಿಡುತ್ತದೆ' ಅಂತಲೂ ಕೇಳಿ. ನಿಮಗೆ ಬೇಕಾದಷ್ಟು ದಿನ ನಿಲ್ಲುವ ಅಂಟುಗಳಲ್ಲಿ ಯಾವುದು ಎಲ್ಲಕ್ಕಿಂತ ಮೆತ್ತಗೆ ಬಿಡುತ್ತದೋ ಅದನ್ನು ಆರಿಸಿ.

ಪ್ಯಾಕೆಟ್ ಮೇಲೆ 'ಹೈಪೋಅಲರ್ಜೆನಿಕ್' ಅಂತ ಅದ. ಸಾಕಲ್ಲ?

ಸಾಲದು. ಅಲರ್ಜಿ ಕಡಿಮೆ ಅನ್ನುವ ಭರವಸೆ ಅದು, ಆಗುವುದೇ ಇಲ್ಲ ಅನ್ನುವ ಖಾತರಿ ಅಲ್ಲ. ಅಂಟು ಯಾವ ಜಾತಿಯದು, ರಬ್ಬರ್ ಲೇಟೆಕ್ಸ್ ಇದೆಯಾ ಅಂತ ನೋಡಿ. ಆ ಒಂದು ಪದಕ್ಕಿಂತ ಅದು ಉಪಯೋಗ.

## ಹಚ್ಚುವುದು, ತೆಗೆಯುವುದು

ಎರಡೇ ದಿನಕ್ಕ ಅಂಚು ಎದ್ದು ಬರ್ತದ. ನಾನೇನು ತಪ್ಪು ಮಾಡ್ತೀನಿ?

ಬಹಳ ಸಲ ತಪ್ಪು ಅಂಟಿನದಲ್ಲ, ಹಚ್ಚುವ ಮೊದಲು ಚರ್ಮದ ಮೇಲೆ ಉಳಿದಿದ್ದದ್ದರದು. ತಲೆಗೆ, ಮೈಗೆ ಎಣ್ಣೆ ಹಚ್ಚಿ ಎರೆದುಕೊಂಡ ದಿನ ಸೆನ್ಸರ್ ಹಾಕಬೇಡಿ. ಸೆಕೆಗೆ ಅಂತ ಪೌಡರ್ ಬಳಿದುಕೊಂಡಿದ್ದರೆ ಅಂಟು ಪೌಡರಿಗೆ ಹಿಡಿಯುತ್ತದೆ, ನಿಮಗಲ್ಲ. ಅರಿಶಿನ, ವಿಭೂತಿ, ಲೋಷನ್, ಎಲ್ಲಕ್ಕೂ ಇದೇ ಮಾತು.

ನಮ್ಮ ಕಡೆ ಇನ್ನೊಂದಿದೆ, ಬೋರಿನ ಗಡಸು ನೀರು. ಆ ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ. ಮೈ ಮೇಲೆ ಬೆಳ್ಳಗೆ ಜಿಡ್ಡಿನಂಥ ಪದರ ಉಳಿಯುತ್ತದೆ. ಬಕೆಟ್ಟಿನ ಒಳಮೈ ಸವರಿ ನೋಡಿದರೆ ಗೊತ್ತಾಗುತ್ತದೆ. ಸೆನ್ಸರ್ ಹಾಕುವ ದಿನ ಆ ಜಾಗವನ್ನಷ್ಟೇ ಕುಡಿಯುವ ನೀರಿನಿಂದ ಇನ್ನೊಮ್ಮೆ ತೊಳೆದು, ಒರೆಸಿ, ಪೂರ್ತಿ ಆರಲು ಬಿಡಿ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಅದೂ ಆರಬೇಕು. ಹಸಿ ಇರುವಾಗಲೇ ಮುಚ್ಚಿದರೆ ಉರಿ ಬರುತ್ತದೆ, ಅಂಟೂ ಹಿಡಿಯುವುದಿಲ್ಲ.

ಕೂದಲು ಜಾಸ್ತಿ ಇದ್ದರೆ ಟ್ರಿಮ್ಮರಿನಲ್ಲಿ ಕತ್ತರಿಸಿ. ಬ್ಲೇಡ್ ಬೇಡ, ಕಣ್ಣಿಗೆ ಕಾಣದ ಗೀರು ಬಿದ್ದು ಅಲ್ಲೇ ಕೆರೆತ ಶುರುವಾಗುತ್ತದೆ. ಹೆಣ್ಣುಮಕ್ಕಳು ಕುಪ್ಪಸದ ತೋಳಿನ ಅಂಚು ಎಲ್ಲಿಗೆ ಬರುತ್ತದೆ ಅಂತಲೂ ನೋಡಿಕೊಳ್ಳಿ. ಬಿಗಿ ಅಂಚು ದಿನಕ್ಕೆ ನೂರು ಸಲ ಸೆನ್ಸರಿಗೆ ತಾಗುತ್ತದೆ. ಒಂದೆರಡು ಬೆರಳು ಮೇಲೆ ಅಥವಾ ಕೆಳಗೆ ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಬ್ಯಾಸಿಗಿಯೊಳಗ ಬೆವರಿಗೆ ನಿಲ್ಲೋದೇ ಇಲ್ಲ. ನಾವು ಬಿಸಿಲಾಗ ದುಡಿಯೋ ಮಂದಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹೊಲದಲ್ಲಿ, ಗಣಿಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವವರಿಗೆ ಅಂಟು ಹಿಡಿಯುವ ಮೊದಲೇ ಕೆಳಗೆ ಬೆವರು ನಿಂತುಬಿಡುತ್ತದೆ. ಹೊಸ ಸೆನ್ಸರನ್ನು ರಾತ್ರಿ ಊಟವಾದ ಮೇಲೆ, ಫ್ಯಾನಿನ ಕೆಳಗೆ ಹಚ್ಚಿ. ಬೆಳಗಿನ ತನಕ ಅಕ್ರಿಲಿಕ್ ಅಂಟಿಗೆ ಗಟ್ಟಿಯಾಗಲು ಹೊತ್ತು ಸಿಗುತ್ತದೆ. ಹಚ್ಚಿದ ಕೂಡಲೇ ಸ್ನಾನವೂ ಬೇಡ, ಹೊಲವೂ ಬೇಡ.

ಮೇಲಿನ ಬಟ್ಟೆ ಅಥವಾ ಹಾಳೆ ಆವಿ ಹೊರಗೆ ಬಿಡುವಂಥದ್ದಾಗಿರಬೇಕು. ತೆಳು ಪಾಲಿಯುರಿಥೇನ್ ಫಿಲ್ಮ್, ನೇಯದ ಬಟ್ಟೆಯ ಟೇಪ್ ಇವು ಬಿಡುತ್ತವೆ. ಹೊರಗಿನ ನೀರು ಒಳಗೆ ಬರುವುದಿಲ್ಲ, ಒಳಗಿನ ಬೆವರಿನ ಆವಿ ಹೊರಗೆ ಹೋಗುತ್ತದೆ. ಪ್ಯಾಕಿಂಗ್ ಟೇಪ್ ಸುತ್ತಿಕೊಂಡು ಬಂದವರನ್ನು ನೋಡಿದ್ದೇನೆ. ಕೆಳಗೆ ಚರ್ಮ ಬೆಂದ ಹಾಗೆ ಬೆಳ್ಳಗೆ ನೆನೆದು, ಸುತ್ತ ಬೆವರುಸಾಲೆ ಎದ್ದಿತ್ತು.

ಪ್ಯಾಕೆಟ್ಟುಗಳನ್ನು ಗಾಡಿಯ ಡಿಕ್ಕಿಯಲ್ಲಿ, ಕಿಟಕಿಯ ಹತ್ತಿರ ಇಡಬೇಡಿ. ಬಿಸಿಗೆ ಅಂಟು ಅಂಚಿನಿಂದ ಹರಿದು ಹೊರಬರುತ್ತದೆ. ಎಷ್ಟು ಡಿಗ್ರಿಯೊಳಗೆ ಇಡಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ.

ಮ್ಯಾಲೆ ಇನ್ನೊಂದು ಟೇಪ್ ಹಾಕಬಹುದಾ?

ಹಾಕಬಹುದು. ಮೂಲೆಗಳನ್ನು ಗುಂಡಗೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಏಳುವುದು. ಟೇಪನ್ನು ಎಳೆದು ಹಚ್ಚಬೇಡಿ, ನಡುವಿನಿಂದ ಅಂಚಿಗೆ ಸವರಿ ಕೂರಿಸಿ. ಎಳೆದು ಹಚ್ಚಿದ ಟೇಪ್ ಮತ್ತೆ ಕುಗ್ಗಲು ನೋಡುತ್ತದೆ. ಆಗ ಚರ್ಮವನ್ನೂ ಎಳೆದು ಅಂಚಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಅದನ್ನು ಜನ ಅಲರ್ಜಿ ಅಂದುಕೊಳ್ಳುತ್ತಾರೆ. ಸೆನ್ಸರಿನ ನಡುವೆ ಸಣ್ಣ ತೂತು ಇದ್ದರೆ ಅದನ್ನು ಮುಚ್ಚಬೇಡಿ.

ನೋವಿಲ್ಲದಂಗ ತೆಗೆಯೋದು ಹೆಂಗ?

ಅವಸರವಿಲ್ಲದ ಹೊತ್ತು ನೋಡಿಕೊಳ್ಳಿ. ಒಂದು ಅಂಚನ್ನು ಉಗುರಿನಿಂದ ಬಿಡಿಸಿ, ಅಲ್ಲಿ ಅಂಟು ಬಿಡಿಸುವ ದ್ರಾವಣ ಅಥವಾ ಮನೆಯ ಕೊಬ್ಬರಿ ಎಣ್ಣೆ ನಾಲ್ಕು ಹನಿ ಬಿಡಿ. ಎರಡು ನಿಮಿಷ ಕಾಯಿರಿ. ಆಮೇಲೆ ಟೇಪನ್ನು ಮೇಲಕ್ಕೆ ಎತ್ತಬೇಡಿ. ಅದರ ಮೇಲೇ ಹಿಂದಕ್ಕೆ ಮಡಚಿ, ಚರ್ಮಕ್ಕೆ ತಾಗಿಕೊಂಡ ಹಾಗೆ, ಕೂದಲು ಬೆಳೆದ ದಿಕ್ಕಿಗೆ ಎಳೆಯಿರಿ. ಇನ್ನೊಂದು ಕೈಯ ಬೆರಳಿನಿಂದ ಆಗಷ್ಟೇ ಬಿಟ್ಟ ಚರ್ಮವನ್ನು ಒತ್ತಿ ಹಿಡಿದಿರಿ. ಬಿಗಿ ಅನಿಸಿದರೆ ನಿಲ್ಲಿಸಿ, ಮತ್ತೆರಡು ಹನಿ ಬಿಡಿ. ಐದು ನಿಮಿಷ ಹಿಡಿಯಲಿ, ಏನೂ ಆಗುವುದಿಲ್ಲ. ಮುಗಿದ ಮೇಲೆ ಎಣ್ಣೆ ತೊಳೆಯಿರಿ. ಮುಂದಿನ ಸೆನ್ಸರ್ ಇನ್ನೊಂದು ರಟ್ಟೆಗೆ ಹಾಕಿ, ಈ ಜಾಗಕ್ಕೆ ವಿಶ್ರಾಂತಿ ಕೊಡಿ.

ಉಳಿದ ಅಂಟು ಸೀಮೆಎಣ್ಣೆ ಹಚ್ಚಿ ಉಜ್ಜಿದ್ರ ಹೋಗ್ತದಲ್ಲ?

ಅಂಟು ಹೋಗುತ್ತದೆ, ಜೊತೆಗೆ ಚರ್ಮವೂ ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಅಂಚು ಅಂಟಿಸಲು ಸೂಪರ್ ಗ್ಲೂ ಕೂಡ ಬೇಡ. ಅದು ಹತ್ತಿ ಬಟ್ಟೆಗೆ ತಾಗಿದರೆ ಬಿಸಿಯಾಗಿ ಸುಟ್ಟ ಗಾಯ ಮಾಡಬಹುದು.

## ಕೆರೆತ, ದದ್ದು, ಅಲರ್ಜಿ

ಟಿಕಳಿ ಹಚ್ಚಿದ್ರ ನನಗ ಹಣಿ ಕೆರಿತದ. ಸೆನ್ಸರ್ ಆಗ್ತದಾ?

ಈ ಪ್ರಶ್ನೆ ಕೇಳಿದ ಅಕ್ಕನಿಗೆ ನಾನು ಮನಸಾರೆ ಧನ್ಯವಾದ ಹೇಳಿದೆ. ಸೆನ್ಸರ್ ಹಾಕುವ ಮೊದಲು ಎಲ್ಲರೂ ಯೋಚಿಸಬೇಕಾದ ವಿಷಯ ಇದು. ಟಿಕಳಿ ಕೂಡ ದಿನವಿಡೀ ಮೈಗೆ ಅಂಟಿರುವ ಪ್ಯಾಚೇ ತಾನೇ. ಕೆಲವು ಟಿಕಳಿಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಅನ್ನುವ ವಸ್ತು ಇರುತ್ತದೆ. ಅದರಿಂದ ಕೆಲವರಿಗೆ ಕೆರೆತ ಬರುತ್ತದೆ. ಕೆಲವರಿಗೆ ಟಿಕಳಿ ಹಚ್ಚುವ ಜಾಗದಲ್ಲೇ ಗುಂಡಗೆ ಬಣ್ಣ ಹೋಗಿ ಬಿಳಿ ಕಲೆ ಉಳಿಯುತ್ತದೆ. ಚಪ್ಪಲಿಯ ಅಂಟಿನಿಂದ ಪಾದದ ಮೇಲೆ ಹೀಗಾಗುವುದೂ ಇದೆ.

ಸೆನ್ಸರಿನ ಅಂಟು ಬೇರೆ ಜಾತಿಯದು. ಹಾಗಾಗಿ ಟಿಕಳಿ ಆಗದವರಿಗೆ ಸೆನ್ಸರ್ ಆಗುವುದೇ ಇಲ್ಲ ಅಂತಲ್ಲ. ಆದರೆ ನಿಮ್ಮ ಚರ್ಮ ಅಂಟಿಗೆ ಮುನಿಸಿಕೊಳ್ಳುವ ಜಾತಿಯದಿರಬಹುದು. ಡಾಕ್ಟರಿಗೆ ಟಿಕಳಿ, ಬ್ಯಾಂಡೇಡ್, ಚಪ್ಪಲಿ, ಹೇರ್ ಡೈ, ನೇಲ್ ಪಾಲಿಶ್ ಯಾವುದರಿಂದ ಏನಾಗಿತ್ತು ಎಲ್ಲ ಹೇಳಿ. ಟೇಪ್ ಒಂದರ ತುಂಡನ್ನು ಮುಂಗೈ ಒಳಮಗ್ಗುಲಿಗೆ ಎರಡು ದಿನ ಹಚ್ಚಿ ನೋಡಿ. ತೆಗೆದ ಮೇಲೂ ಎರಡು ದಿನ ಆ ಜಾಗ ಗಮನಿಸಿ.

ಇದು ಅಲರ್ಜಿನಾ, ಸುಮ್ನೆ ಕೆರೆತಾನಾ?

ತೆಗೆದ ಕೂಡಲೇ ಸ್ವಲ್ಪ ಕೆಂಪಾಗುವುದು ಎಲ್ಲರಿಗೂ ಇದ್ದದ್ದೇ. ಅರ್ಧ ಗಂಟೆ ಕಳೆದರೂ ಹಾಗೇ ಇದ್ದರೆ ಅಂಟಿನಿಂದ ಚರ್ಮಕ್ಕೆ ಪೆಟ್ಟಾಗಿದೆ ಅಂತ ಲೆಕ್ಕ. 30 ನಿಮಿಷದ ಈ ಅಳತೆಯನ್ನೇ ಆಸ್ಪತ್ರೆಗಳಲ್ಲೂ ಇಟ್ಟುಕೊಳ್ಳುತ್ತೇವೆ.

ಬರೀ ಉಜ್ಜಿ, ಎಳೆದು ಆದ ಉರಿ ಪ್ಯಾಚಿನ ಗೆರೆಯೊಳಗೇ ಇರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಲರ್ಜಿ ಹಾಗಲ್ಲ. ಹಚ್ಚಿ ಒಂದೆರಡು ದಿನದ ಮೇಲೆ ತುರಿಕೆ ಶುರುವಾಗಿ, ಸಣ್ಣ ನೀರುಗುಳ್ಳೆ ಎದ್ದು, ಗೆರೆ ದಾಟಿ ಹರಡುತ್ತದೆ. ಪ್ರತಿ ಸಲ ಹಿಂದಿನದಕ್ಕಿಂತ ಜಾಸ್ತಿ.

ಒಂದು ಮಾತು ಒತ್ತಿ ಹೇಳಬೇಕು. ಚಿತ್ರಗಳಲ್ಲಿ ತೋರಿಸುವ ಕೆಂಪು ಬಿಳಿ ಚರ್ಮದ ಮೇಲಿನದು. ನಮ್ಮ ಬಣ್ಣಕ್ಕೆ ಅದು ಕೆಂಪಾಗಿ ಕಾಣುವುದಿಲ್ಲ. ಕಂದು ಅಥವಾ ನೇರಳೆ ಛಾಯೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಕಣ್ಣನ್ನಷ್ಟೇ ನಂಬಬೇಡಿ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ: ಬಿಸಿ ಇದೆಯಾ, ಉಬ್ಬಿದೆಯಾ, ಒರಟಾಗಿದೆಯಾ.

ಮೊದಲ ಮೂರು ಸೆನ್ಸರ್‌ಗೆ ಏನೂ ಆಗ್ಲಿಲ್ಲ. ನಾಲ್ಕನೇದಕ್ಕ ಮೈಯೆಲ್ಲ ಕೆರೆತ. ಮಾಲು ನಕಲಿನಾ?

ನಕಲಿ ಅಂತ ಈಗಲೇ ಹೇಳಲು ಬರುವುದಿಲ್ಲ. ಈ ತರಹದ ಅಲರ್ಜಿ ಮೊದಲ ದಿನ ಬರುವುದಿಲ್ಲ. ದೇಹ ಮೊದಲು ಆ ವಸ್ತುವಿನ ಗುರುತು ಹಿಡಿಯುತ್ತದೆ. ಅದಕ್ಕೆ ವಾರಗಳೋ ತಿಂಗಳುಗಳೋ ಬೇಕು. ಗುರುತು ಹಿಡಿದ ಮೇಲೆ ಪ್ರತಿ ಸಲ ಜಗಳವೇ. ಹಿಡಿದ ಗುರುತು ಸಾಮಾನ್ಯವಾಗಿ ಹೋಗುವುದಿಲ್ಲ.

2017ರಲ್ಲಿ ಬೆಲ್ಜಿಯಂನ ಚರ್ಮರೋಗ ವೈದ್ಯರು ಇಂಥ ರೋಗಿಗಳನ್ನು ಬೆನ್ನತ್ತಿ ಐಸೋಬಾರ್ನೈಲ್ ಅಕ್ರಿಲೇಟ್ ಅನ್ನುವ ವಸ್ತುವನ್ನು ಪತ್ತೆ ಹಚ್ಚಿದರು. ಅದು ಇದ್ದದ್ದು ಸೆನ್ಸರಿನ ಪ್ಲಾಸ್ಟಿಕ್ ಭಾಗಗಳನ್ನು ಕೂಡಿಸುವ ಕಡೆ. ಅಲ್ಲಿಂದ ನಿಧಾನವಾಗಿ ಜಾರಿ ಚರ್ಮಕ್ಕೆ ತಾಗುವ ಅಂಟಿಗೆ ಬರುತ್ತಿತ್ತು. 2020ರಲ್ಲಿ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಇದನ್ನೇ 'ವರ್ಷದ ಅಲರ್ಜನ್', ಅಂದರೆ ವರ್ಷದ ಅಲರ್ಜಿಕಾರಕ ವಸ್ತು, ಅಂತ ಹೆಸರಿಸಿತು.

ಹೀಗಾದಾಗ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಹಲವು ವಸ್ತುಗಳನ್ನು ಚುಕ್ಕೆ ಚುಕ್ಕೆಯಾಗಿ 48 ಗಂಟೆ ಹಚ್ಚಿಡುತ್ತಾರೆ. ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಎರಡನೇ ಸಲ ಹೋಗುವುದನ್ನು ತಪ್ಪಿಸಬೇಡಿ, ಎಷ್ಟೋ ಅಲರ್ಜಿ ಆಗಲೇ ಕಾಣಿಸುವುದು. ಹಳೇ ಸೆನ್ಸರ್, ಅದರ ಡಬ್ಬಿ ಎರಡನ್ನೂ ಜೊತೆಗೆ ಒಯ್ಯಿರಿ.

ಕೆಳಗ ಏನಾದ್ರೂ ಹಚ್ಚಿ ಮ್ಯಾಲೆ ಸೆನ್ಸರ್ ಹಾಕಬಹುದಾ?

ಉಜ್ಜುವ ಉರಿ ಆಗಿದ್ದರೆ ಬ್ಯಾರಿಯರ್ ಫಿಲ್ಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಒರೆಸಿದರೆ ಆರಿ ತೆಳು ಪೊರೆಯಾಗುವ ದ್ರವ. ಸ್ಪಿರಿಟ್ ಇಲ್ಲದ್ದು ತೆಗೆದುಕೊಳ್ಳಿ. ಪೊರೆ ಆರಿದ ಮೇಲೆ ಸೆನ್ಸರ್ ಹಚ್ಚಿ. ಅಂಟು ಎಳೆಯುವಾಗ ಚರ್ಮದ ಬದಲು ಪೊರೆ ಬರುತ್ತದೆ. ನಿಜವಾದ ಅಲರ್ಜಿಗೆ ತೆಳು ಪೊರೆ ಸಾಲದು, ಹೈಡ್ರೋಕೊಲಾಯ್ಡ್ ಹಾಳೆ ಹಾಕಿ ನೋಡುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಸಾಧನವನ್ನೇ ಬದಲಿಸಬೇಕು. ಕೆಳಗೆ ಹಾಳೆ ಹಾಕಿದರೆ ಸೂಜಿ ಹೋಗುವ ಆಳ ತಪ್ಪುವ ಭಯ ಇರುವುದರಿಂದ ಅದನ್ನು ಡಾಕ್ಟರನ್ನು ಕೇಳಿಯೇ ಮಾಡಿ.

ಎರಡು ಕಡೆ ಮಾತ್ರ ಕೆಳಗೆ ಏನನ್ನೂ ಹಚ್ಚಲೇಬಾರದು. ಇಸಿಜಿ, ಹೋಲ್ಟರ್ (ದಿನವಿಡೀ ಮೈ ಮೇಲಿದ್ದು ಹೃದಯ ಬಡಿತ ದಾಖಲಿಸುವ ಸಾಧನ) ಬಿಲ್ಲೆಗಳ ಕೆಳಗೆ ಹಚ್ಚಿದರೆ ಹೃದಯದ ಸಿಗ್ನಲ್ ಕೆಡುತ್ತದೆ. ಔಷಧಿಯ ಪ್ಯಾಚಿನ ಕೆಳಗೆ ಹಚ್ಚಿದರೆ ಔಷಧಿ ಒಳಗೆ ಹೋಗುವ ಲೆಕ್ಕವೇ ತಪ್ಪುತ್ತದೆ.

ಮೆಡಿಕಲ್‌ನವರು ಒಂದು ಕ್ರೀಮ್ ಕೊಟ್ಟಾರ. ಹಚ್ಚಲಾ?

ಹೆಸರು ಓದಿ ನೋಡಿ. ಸ್ಟಿರಾಯ್ಡ್ ಇದ್ದರೆ ಡಾಕ್ಟರ್ ಹೇಳದೆ ಬೇಡ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಆಮೇಲೆ ಯಾವ ಅಂಟೂ ತಾಳುವುದಿಲ್ಲ.

ನಮ್ಮವ್ವಗ 78 ವರ್ಷ. ಮೊಮ್ಮಗಳಿಗೆ 6. ಇಬ್ಬರಿಗೂ ಒಂದೇ ಟೇಪ್ ನಡೀತದಾ?

ಇಬ್ಬರಿಗೂ ಜಾಗ್ರತೆ ಬೇಕು, ಆದರೆ ಕಾರಣ ಬೇರೆ. ವಯಸ್ಸಾದಂತೆ ಚರ್ಮದ ಎರಡು ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಮೇಲಿನ ಪದರ ಸುಲಭವಾಗಿ ಜಾರಿ ಹರಿಯುತ್ತದೆ. ಅವ್ವನಿಗೆ ಸಿಲಿಕೋನ್ ಟೇಪ್, ತೆಗೆಯುವಾಗ ಬಿಡಿಸುವ ದ್ರಾವಣ ತಪ್ಪದೇ ಇರಲಿ. ಆರು ವರ್ಷದ ಕೂಸಿನ ಚರ್ಮ ಅಷ್ಟು ದುರ್ಬಲವೇನಲ್ಲ. ಅದರ ಸಮಸ್ಯೆ ಆಟ ಮತ್ತು ಅಂಜಿಕೆ. ಆಡುವ ಮಕ್ಕಳಿಗೆ ಮೇಲೊಂದು ಗುಂಡನೆಯ ಟೇಪ್ ಬೇಕು. ತೆಗೆಯುವಾಗ ಎಣ್ಣೆ ಹನಿಸುವ ಕೆಲಸ ಕೂಸಿನ ಕೈಗೇ ಕೊಡಿ, ಅಳು ಅರ್ಧ ಕಡಿಮೆಯಾಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಸೆನ್ಸರ್ ಯಾಕ್ರೀ ಎರಡು ವಾರಕ್ಕ ಮುಗೀತದ? ತಿಂಗಳು ನಿಲ್ಲೋ ಅಂಟು ಮಾಡಬಾರದಾ?

ಒಳಗಿನ ಸೆನ್ಸರಿಗೂ ಒಂದು ಆಯಸ್ಸು ಇದೆ. ಅದನ್ನು ಬಿಟ್ಟರೂ ಚರ್ಮ ಒಪ್ಪುವುದಿಲ್ಲ. ಚರ್ಮದ ಹೊರಪದರ ಸತ್ತ ಜೀವಕೋಶಗಳದು. ಅವು ದಿನವೂ ಸ್ವಲ್ಪ ಸ್ವಲ್ಪ ಉದುರುತ್ತಿರುತ್ತವೆ. ಅಂಟು ಹಿಡಿದಿರುವುದು ಇವುಗಳನ್ನೇ. ಗೋಡೆಯ ಸುಣ್ಣವೇ ಏಳುತ್ತಿದ್ದರೆ ಅದರ ಮೇಲೆ ಅಂಟಿಸಿದ ಕಾಗದ ಎಷ್ಟು ದಿನ ನಿಂತೀತು? ಅಂಟನ್ನು ಎಷ್ಟು ಬಲ ಮಾಡಿದರೂ ಈ ಮಿತಿ ದಾಟುವುದು ಕಷ್ಟ.

ಎಂಆರ್‌ಐ ಮಾಡಿಸಬೇಕು. ಪ್ಯಾಚ್ ಇರ್ಲಾ?

ಬೇಡ ಅಂತಲೇ ತಿಳಿಯಿರಿ, ಮೊದಲು ಸಿಬ್ಬಂದಿಗೆ ಹೇಳಿ. ಕೆಲವು ಪ್ಯಾಚುಗಳ ಹಾಳೆಯಲ್ಲೇ ಕಾಣದಂಥ ಲೋಹದ ಪದರ ಇರುತ್ತದೆ. ಅದು ಬಿಸಿಯಾಗಿ ಚರ್ಮ ಸುಡಬಹುದು.

ಅಕ್ಕಾ, ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಹೃದಯ ಬಡಿತ ಅಳೆಯೋ ಪ್ಯಾಚ್ ಮಾಡ್ತಿದೀವಿ. ಯಾವ ಅಂಟು ತಗೋಬೇಕು?

ಅಂಟಿನಿಂದ ಶುರು ಮಾಡಬೇಡಿ. ಯಾರು ಹಾಕಿಕೊಳ್ಳುತ್ತಾರೆ, ಎಷ್ಟು ದಿನ, ಮೈಯ ಯಾವ ಜಾಗದಲ್ಲಿ, ಸಾಧನ ಎಷ್ಟು ಭಾರ, ಎಷ್ಟು ಸಲ ತೆಗೆದು ಹಚ್ಚಬೇಕು, ಇಷ್ಟನ್ನು ಮೊದಲು ಬರೆದುಕೊಳ್ಳಿ. ಒಂದು ದಿನದ ಪ್ಯಾಚಿಗೆ 14 ದಿನದ ಅಂಟು ಹಾಕುವುದು ಚರ್ಮಕ್ಕೆ ಮಾಡುವ ಅನ್ಯಾಯ.

ಎರಡು ಮುಖದ ಟೇಪಿನಲ್ಲಿ ಎರಡೂ ಕಡೆ ಒಂದೇ ಅಂಟು ಇರಬೇಕಿಲ್ಲ. ಪ್ಲಾಸ್ಟಿಕ್ ಕಡೆ ಅಕ್ರಿಲಿಕ್, ಚರ್ಮದ ಕಡೆ ಸಿಲಿಕೋನ್ ಇರುವ ಟೇಪುಗಳು ಸಿಗುತ್ತವೆ. ಗಟ್ಟಿ ಡಬ್ಬಿಯ ಸುತ್ತ ಮೆತ್ತನೆಯ ಬಟ್ಟೆಯ ಅಂಚು ಅಗಲವಾಗಿ ಬಿಡಿ. ಚರ್ಮ ಹಿಗ್ಗುತ್ತದೆ, ಡಬ್ಬಿ ಹಿಗ್ಗುವುದಿಲ್ಲ. ಆ ಎಳೆದಾಟವನ್ನು ಅಂಚು ತಾಳಿಕೊಳ್ಳಬೇಕು. ಹಾಳೆ ಕೊಳ್ಳುವಾಗ ಆವಿ ಬಿಡುವ ಅಳತೆ ಕೇಳಿ. ಒಂದು ಚದರ ಮೀಟರಿಗೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಅಂತ ಕೊಡುತ್ತಾರೆ.

ಡಬ್ಬಿ ಕೂಡಿಸಲು ಬಳಸುವ ಅಂಟೂ ಚರ್ಮಕ್ಕೆ ಬರುತ್ತದೆ ಅನ್ನುವುದನ್ನು ಐಸೋಬಾರ್ನೈಲ್ ಅಕ್ರಿಲೇಟ್ ಕಲಿಸಿದೆ. ಹಾಗಾಗಿ ಮೈಗೆ ತಾಗುವ ಹಾಳೆಯ ಸರ್ಟಿಫಿಕೇಟ್ ಒಂದೇ ನೋಡಿ ಕೈತೊಳೆದುಕೊಳ್ಳಬೇಡಿ, ಪೂರ್ತಿ ಸಾಧನವನ್ನೇ ಪರೀಕ್ಷಿಸಬೇಕು. ಐಎಸ್‌ಒ 10993 ಅಂದರೆ ಸಾಧನ ಮೈಗೆ ಒಗ್ಗುತ್ತದೆಯೇ ಅಂತ ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ. ಅದರ ಭಾಗ 5 ಜೀವಕೋಶಕ್ಕೆ ವಿಷವೇ ಅಂತ ನೋಡುತ್ತದೆ, ಭಾಗ 10 ಅಲರ್ಜಿ, ಭಾಗ 23 ಉರಿ. ನಮ್ಮಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು, 2017 ಇವೆ. ಮಾರುವ ಯೋಚನೆ ಇದ್ದರೆ ಅದನ್ನು ಈಗಲೇ ಓದಿ. ಮನುಷ್ಯರ ಮೇಲೆ ಹಚ್ಚಿ ನೋಡುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಗೆಳೆಯರ ಮೇಲೆ ಆದರೂ ಬೇಕು.

ಲ್ಯಾಬಿನಲ್ಲಿ ಸ್ಟೀಲ್ ತಟ್ಟೆಯಿಂದ ಟೇಪ್ ಎಳೆದು ಬಂದ ಅಂಕಿಯನ್ನು ಚರ್ಮದ ಅಂಕಿ ಅಂದುಕೊಳ್ಳಬೇಡಿ. ಸ್ಟೀಲ್ ಬೆವರುವುದಿಲ್ಲ. ಎಸಿ ಕೋಣೆಯಲ್ಲಿ ಮಾಡಿದ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಒಮ್ಮೆ ರಾಯಚೂರಿನ ಬಿಸಿಲಿನಲ್ಲಿ ಮಾಡಿ. ಮುದುಕರನ್ನೂ, ಕಪ್ಪು ಮೈಬಣ್ಣದವರನ್ನೂ, ಹೊಲದಲ್ಲಿ ದುಡಿಯುವವರನ್ನೂ ಸೇರಿಸಿಕೊಳ್ಳಿ. ಪ್ಯಾಚ್ ತೆಗೆಯುವ ದಿನ ಬೇರೆಯವರಿಗೆ ಬಿಟ್ಟು ಹೋಗಬೇಡಿ. ನೀವೇ ಎದುರಿಗೆ ಕೂತು, ನಿಮ್ಮ ಕೈಯಿಂದಲೇ ತೆಗೆಯಿರಿ. ತೆಗೆದ ಕೂಡಲೇ, ಅರ್ಧ ಗಂಟೆಗೆ, ಮೂರನೇ ದಿನಕ್ಕೆ ಆ ಜಾಗದ ಫೋಟೋ ತೆಗೆದಿಡಿ, ಮುಟ್ಟಿಯೂ ನೋಡಿ.